ಸಾಣೆಯ ಸದ್ದು

“ಕಣ್ಣಲ್ಲಿ ಅಲ್ಲ ಪುಟ್ಟಿ, ಕಿವೀಲಿ ಕೆಲಸ ಮಾಡು. ಕಲ್ಲು ಏನು ಹೇಳತ್ತೆ ಅಂತ ಕೇಳಿಸ್ಕೋ” ಎಂದು ಅಣ್ಣ ಹೇಳಿದ್ದನ್ನು ಪುಟ್ಟಿ ಅವನ ತುಟಿಗಳ ಮೇಲೆ ಓದಿಕೊಂಡು, ಕೇಳಿಸಿತು ಎನ್ನುವ ಹಾಗೆ ತಲೆಯಾಡಿಸಿದಳು. ಕಲ್ಲು ಏನು ಹೇಳುತ್ತಿತ್ತೋ ಆ ಕಲ್ಲಿಗೇ ಗೊತ್ತು. ಅವಳ ಪಾಲಿಗೆ ಅದು ಮೂರು ವಾರದಿಂದ ತುಟಿಪಿಟಕ್ಕೆನ್ನದೆ ತಿರುಗುತ್ತಿತ್ತು.

ಐವತ್ತಾರು ತುಂಬಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವವನು ಲೋಕದಲ್ಲಿ ಅಣ್ಣನೊಬ್ಬನೇ ಉಳಿದಿದ್ದ. ಅವನಿಗೆ ಅರವತ್ತೊಂದು. ಚಿಕ್ಕ ವಯಸ್ಸಿನಿಂದ ಸಾಣೆ ಹಿಡಿಯುವುದೊಂದೇ ಕಸುಬು. ಈಗ ಎರಡೂ ಹೆಬ್ಬೆರಳುಗಳ ಗಂಟು ಊದಿಕೊಂಡು, ಚಾಕುವಿನ ಹಿಡಿಯನ್ನು ಬಿಗಿಯಾಗಿ ಹಿಡಿಯುವುದೇ ಕಷ್ಟವಾಗಿತ್ತು. ಎದುರು ಬೀದಿಯ ಪಾತ್ರೆ ಅಂಗಡಿಯವನು ಮಷೀನು ಸಮೇತ ಅಂಗಡಿಯನ್ನು ಕೇಳುತ್ತಿದ್ದ. ಕೊಟ್ಟು ಕೈತೊಳೆದುಕೊಳ್ಳಿ ಎಂಬುದು ಅತ್ತಿಗೆಯ ವಾದ. ಅಣ್ಣ ಮಾತ್ರ ಒಂದು ತಿಂಗಳು ನೋಡೋಣ ಅಂದಿದ್ದ. ಅಷ್ಟರಲ್ಲಿ ತಂಗಿ ಕೆಲಸ ಕಲಿತರೆ ಅಂಗಡಿ ಅವಳದು, ಇಲ್ಲದಿದ್ದರೆ ಪಾತ್ರೆ ಅಂಗಡಿಯವನದು.

ಕಲಿಯದೆ ಅವಳಿಗೂ ಬೇರೆ ದಾರಿಯಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಹಲ್ಲಿನ ಡಾಕ್ಟರರ ಹತ್ತಿರ ಫೋನ್ ಎತ್ತಿ, ಬರುವವರಿಗೆ ಹೊತ್ತು ಗೊತ್ತುಮಾಡುವ ಕೆಲಸದಲ್ಲಿದ್ದಳು. ಒಂದು ದಿನ ಆರು ಗಂಟೆಗೆ ಬರಬೇಕಾದವರು ನಾಲ್ಕು ಜನ ಮೂರು ಗಂಟೆಗೇ ದವಡೆ ಹಿಡಿದುಕೊಂಡು ಬಂದು ಕೂತರು. ಡಾಕ್ಟರು ಒಳ್ಳೆಯವರು. ಬಾಗಿಲು ಮುಚ್ಚಿ, ಮೆಲ್ಲಗೆ, ಒಮ್ಮೆ ಕಿವಿ ತೋರಿಸಿಕೊಳ್ಳಿ ಎಂದರು. ಪುಟ್ಟಿ ಉರಿದುಬಿದ್ದಳು. ಮನುಷ್ಯರ ಹಾಗೆ ನೆಟ್ಟಗೆ ಮಾತಾಡಲು ಬರದವರ ಫೋನು ಎತ್ತಿ ಎತ್ತಿ ಸಾಕಾಗಿದೆ ಎಂದು ಕೂಗಾಡಿ, ಅವತ್ತೇ ಕೆಲಸ ಬಿಟ್ಟು ಬಂದಳು. ಜಗಳಗಂಟಿ ಎಂಬ ಹೆಸರು ಬಂತು. ಬರಲಿ ಅಂದುಕೊಂಡಳು.

ಬಂಧುಗಳಲ್ಲಂತೂ ಅವಳದು ಜಾಣಗಿವುಡು ಎಂಬುದು ಹಳೆಯ ಮಾತು. ಬೇಕಾದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ, ಸೊಕ್ಕು ಎಂದು ಅತ್ತಿಗೆಯೂ ಹೇಳಿಕೊಂಡು ತಿರುಗಿದ್ದಳು. ಪುಟ್ಟಿ ಅದನ್ನು ಅಲ್ಲಗಳೆಯಲಿಲ್ಲ. ಸೊಕ್ಕಿನವಳು ಅನ್ನಿಸಿಕೊಂಡು ಬದುಕಬಹುದು, ಕಿವುಡಿ ಅನ್ನಿಸಿಕೊಂಡು ಬದುಕಲಾಗದು ಎಂದು ಅವಳಿಗೆ ಖಾತ್ರಿಯಿತ್ತು. ಅಮ್ಮನನ್ನು ನೋಡಿದ್ದಳಲ್ಲ. ನಲವತ್ತಕ್ಕೇ ಕಿವಿ ಹೋದ ಅಮ್ಮನ ಎದುರಿಗೇ ಜನ ಅಮ್ಮನ ವಿಷಯ ಮಾತಾಡುತ್ತಿದ್ದರು, ಬೆಂಚೋ ಬೀರುವೋ ಅಲ್ಲಿದೆ ಎಂಬಂತೆ. ಇನ್ನೂ ಒಂದಿತ್ತು. ಅಮ್ಮನ ಎದುರು ನಿಂತು ಸದ್ದೇ ಹೊರಡಿಸದೆ ಬರೀ ತುಟಿ ಆಡಿಸುವ ಆಟವನ್ನು ಕಂಡುಹಿಡಿದವನು ಹದಿನಾಲ್ಕರ ಅಣ್ಣ. ಇದ್ದ ಚೂರುಪಾರು ಕಿವಿಯೂ ಹೋಯಿತೆಂದು ಅಮ್ಮ ಗಾಬರಿಯಾಗಿ ಅಂಗೈಯಿಂದ ಕಿವಿಗೆ ಬಡಿದುಕೊಳ್ಳುವಳು. ಒಂಬತ್ತರ ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುವಳು. ಆ ನಗು ನೆನಪಾದಾಗಲೆಲ್ಲ ಈಗಲೂ ಅವಳಿಗೆ ನಾಚಿಕೆಯಿಂದ ಮೈ ಬಿಸಿಯಾಗುತ್ತಿತ್ತು.

ಹೀಗಾಗಿ ಅಣ್ಣ ಮೊದಲನೇ ದಿನವೇ ಈ ಕೆಲಸವೆಲ್ಲ ಕಿವಿಯ ಮೇಲೆ ನಿಂತಿದೆ ಅಂದಾಗ ಅವಳ ಎದೆ ಧಸಕ್ಕೆಂದಿತ್ತು. ಅಂಚು ಸರಿಯಾಗಿ ಕೂತರೆ ಕಲ್ಲು ಒಂದು ಥರ ಹಾಡುತ್ತದಂತೆ, ಕೋನ ತಪ್ಪಿದರೆ ಬೈಯುತ್ತದಂತೆ. ಅವಳು ಹೂಂಗುಟ್ಟಿದಳು. ಮೊದಲ ವಾರ ಎರಡು ಚಾಕುಗಳ ಮೊನೆಯನ್ನೇ ತಿಂದುಹಾಕಿದಳು.

ಮಷೀನು ನೋಡಲು ಸಾಧು. ಕೆಳಗೆ ನೀರಿನ ತೊಟ್ಟಿ, ಅದರಲ್ಲಿ ಅರ್ಧ ಮುಳುಗಿ ನಿಧಾನ ತಿರುಗುವ ಬೂದು ಬಣ್ಣದ ಕಲ್ಲು, ಮೇಲೆ ಚಾಕು ಆನಿಸಲು ಒಂದು ಉಕ್ಕಿನ ಸರಳು. ಇನ್ನೊಂದು ಪಕ್ಕದಲ್ಲಿ ಕೊನೆಯ ನಯಕ್ಕೆ ಚರ್ಮದ ಚಕ್ರ. ಬೆಳಿಗ್ಗೆ ತೊಟ್ಟಿ ತುಂಬಿಸಿದರೆ ಕಲ್ಲು ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಇನ್ನೊಂದು ಚೊಂಬು ಸುರಿಯಬೇಕು. ಅಣ್ಣನ ಹಳೆಯ ಒಣ ಮಷೀನಿನ ಹಾಗೆ ಇದು ಕಿಡಿ ಹಾರಿಸಿ ಉಕ್ಕನ್ನು ಸುಟ್ಟು ನೀಲಿ ಮಾಡುವುದಿಲ್ಲ. ಅಂಚಿಗೆ ಸ್ಕೆಚ್ ಪೆನ್ನಿನ ಮಸಿ ಬಳಿದು ಒಮ್ಮೆ ಕಲ್ಲಿಗೆ ತಾಗಿಸಬೇಕು. ಮಸಿ ಅಂಚಿನುದ್ದಕ್ಕೂ ಅಳಿಸಿದರೆ ಕೋನ ಸರಿ, ಮೇಲೆ ಮಾತ್ರ ಅಳಿಸಿದರೆ ತಪ್ಪು. ಹಿಡಿಯ ಬುಡದಿಂದ ಮೊನೆಯವರೆಗೆ ಒಂದೇ ಸಮ ಎಳೆಯಬೇಕು, ಅಲಗು ಬಾಗುವಲ್ಲಿ ಹಿಡಿಯನ್ನು ತುಸು ಎತ್ತಬೇಕು. ಇಷ್ಟನ್ನು ಕಣ್ಣು ಕಲಿಯಿತು.

ಉಳಿದದ್ದನ್ನು ಹೇಳಿಕೊಟ್ಟದ್ದು ನೀರು. ಎರಡನೇ ವಾರದ ಒಂದು ಬೆಳಿಗ್ಗೆ ಕಿಟಕಿಯ ಬಿಸಿಲು ಕಲ್ಲಿನ ಮೇಲೆ ಬಿದ್ದಿದ್ದಾಗ ಅವಳಿಗದು ಕಂಡಿತು. ಅಂಚು ಕಲ್ಲಿಗೆ ಸರಿಯಾಗಿ ಕೂತರೆ, ಕಲ್ಲು ಹೊತ್ತು ತಂದ ನೀರು ಅಲಗಿನ ಮೇಲೆ ಹತ್ತಿ ಹರಿಯುತ್ತದೆ. ಕೂದಲೆಳೆಯಷ್ಟು ಸಂದಿ ಉಳಿದರೂ ಅಡಿಯಿಂದ ಜಾರಿಹೋಗುತ್ತದೆ. ಅವತ್ತಿನಿಂದ ಅವಳು ನೀರಿನ ಮೇಲಿಂದ ಕಣ್ಣು ಕೀಳಲಿಲ್ಲ. ಚಾಕುಗಳು ನೇತುಹಾಕಿದ ಕಾಗದವನ್ನು ಸರ್ರನೆ ಸೀಳತೊಡಗಿದವು. ಟೊಮೆಟೊವಿನ ಸಿಪ್ಪೆ ಒತ್ತದೆಯೇ ಬಿಡುತ್ತಿತ್ತು. ಅಣ್ಣ ಬೆರಳಿನಿಂದ ಅಂಚು ಸವರಿ ನೋಡಿ, ಕೆಲಸವೇನೋ ಸರಿ ಎಂದು ಒಪ್ಪಿಕೊಂಡ. ಆಮೇಲೆ ಅವಳ ಮುಖ ದಿಟ್ಟಿಸಿ, “ಆದ್ರೆ ನೀನು ಕೇಳಿಸ್ಕೊಳ್ತಾ ಇಲ್ಲ” ಅಂದ.

ಅವನಿಗೆ ಗೊತ್ತಾಗಿದೆಯೋ, ಬರೀ ಗುರುವಿನ ಗತ್ತೋ? ಮಾರನೇ ದಿನದಿಂದ ಕಲ್ಲು ತಿರುಗುವಾಗ ತಲೆಯನ್ನು ತುಸು ಓರೆ ಮಾಡಿ ಆಲಿಸುವವಳಂತೆ ನಿಲ್ಲತೊಡಗಿದಳು. ಅವರಿಬ್ಬರ ಮಾತುಕತೆ ಮೊದಲಿನಿಂದಲೂ ಎತ್ತು ಏರಿಗೆ, ಕೋಣ ನೀರಿಗೆ. ತೊಟ್ಟಿಯ ನೀರು ಬದಲಾಯಿಸಲಾ ಎಂದು ಬೆನ್ನ ಹಿಂದಿನಿಂದ ಕೇಳಿದರೆ ಅಣ್ಣ ತಿರುಗಿ, ಊಟ ಆಯಿತು ಅನ್ನುವನು. ತುಟಿ ಓದುವುದರಲ್ಲಿ ತನಗೇ ತಪ್ಪಿತೆಂದು ಪುಟ್ಟಿ ಸುಮ್ಮನಾಗುವಳು. ತಪ್ಪೆಲ್ಲ ತನ್ನದೇ ಎಂದುಕೊಂಡು ಅವಳಿಗೆ ರೂಢಿಯಾಗಿಹೋಗಿತ್ತು.

ನಾಲ್ಕನೇ ವಾರದ ಗುರುವಾರ. ಮರುದಿನ ಪಾತ್ರೆ ಅಂಗಡಿಯವನು ಮಷೀನು ನೋಡಲು ಬರುವವನಿದ್ದ, ಅಣ್ಣ ಇನ್ನೂ ಯಾವ ಮಾತನ್ನೂ ಬಿಟ್ಟುಕೊಟ್ಟಿರಲಿಲ್ಲ. ಹಾಸ್ಟೆಲಿನ ಅಡುಗೆಯಾಕೆ ಏಳು ಚಾಕು ತಂದು, ಆಗುವ ತನಕ ಕಾಯುತ್ತೇನೆಂದು ಬೆಂಚಿನ ಮೇಲೆ ಕೂತಿದ್ದಳು. ಅಣ್ಣ ಮಷೀನಿನಿಂದ ಎರಡೇ ಅಡಿ ದೂರದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ. ಪುಟ್ಟಿ ದೊಡ್ಡ ಚಾಕುವೊಂದನ್ನು ಸರಳಿಗೆ ಆನಿಸಿದಳು. ನೀರು ಅಲಗಿನ ಮೇಲೆ ತೆಳ್ಳಗೆ ಹತ್ತಿತು. ಈವತ್ತಿನ ಕೆಲಸ ಅಣ್ಣ ನೋಡಲಿ ಎಂದು ಮನಸ್ಸಿನಲ್ಲೇ ಬೀಗುತ್ತ ತಲೆಯೆತ್ತಿದಾಗ ಅಡುಗೆಯಾಕೆಯ ಮುಖ ಹುಣಸೆಹಣ್ಣು ಕಚ್ಚಿದಂತೆ ಕಿವುಚಿಕೊಂಡಿತ್ತು.

ಬಾಗಿಲಲ್ಲಿ ಮಲಗಿದ್ದ ಬೀದಿ ನಾಯಿ ಎದ್ದು ಕಿವಿ ಒದರಿ ಹೊರಟುಹೋಯಿತು. ಪಕ್ಕದ ಗಡಿಯಾರ ರಿಪೇರಿಯವರು ಎರಡು ಕಿವಿಗೂ ಬೆರಳು ಚುಚ್ಚಿಕೊಂಡು ಒಳಗೆ ಬಂದರು. ಬಾಯಿ ಮೇಲಿಂದ ಮೇಲೆ ಆಡುತ್ತಿತ್ತು: ನಾಲ್ಕು ದಿನದಿಂದ ಕಿರುಚ್ತಾ ಇದೆ, ನಮಗೆ ಹುಚ್ಚು ಹಿಡಿಯತ್ತೆ, ಕಲ್ಲಿನ ಅಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಡಬಾರದಾ? ನಾಲ್ಕು ದಿನ! ಸಿಕ್ಕಿಬಿದ್ದೆ ಎಂದು ಪುಟ್ಟಿ ಅಣ್ಣನ ಕಡೆ ತಿರುಗಿದಳು.

ಅಣ್ಣ ಪೇಪರಿನ ಹಾಳೆ ಮಗುಚಿದ. ಯಾವುದೋ ಸುದ್ದಿ ಮೆಚ್ಚಿಕೆಯಾಗಿರಬೇಕು, ಮುಖದಲ್ಲಿ ಸಣ್ಣ ನಗುವಿತ್ತು.

ಮಷೀನು ತಿರುಗುತ್ತಲೇ ಇತ್ತು. ಗಡಿಯಾರದವರು ತಮ್ಮ ಪುಟ್ಟ ಎಣ್ಣೆ ಬುಡ್ಡಿ ತೆಗೆದು ಅಚ್ಚಿನ ಎರಡು ತುದಿಗೂ ಬಿಟ್ಟರು. ಅಡುಗೆಯಾಕೆಯ ಮುಖದ ಗಂಟು ಸಡಿಲಾಯಿತು. ಗಡಿಯಾರದವರು ಅಣ್ಣನ ಭುಜ ಮುಟ್ಟಿ, ಇದರ ಪಕ್ಕದಲ್ಲೇ ಹೇಗೆ ಕೂತಿದ್ದಿರಿ ಮಾರಾಯರೇ ಎಂದು ಕೇಳಿದರು. ಅಣ್ಣ ತಲೆಯೆತ್ತಿ, ಗಂಭೀರವಾಗಿ, “ಆಗತ್ತೆ, ಆಗತ್ತೆ. ಸಂಜೆ ಬನ್ನಿ” ಅಂದ. ಜೊತೆಗೆ ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ವರ್ಷದಿಂದ ಅವಳು ಅದನ್ನೇ ಆಡಿಸಿಕೊಂಡು ಬಂದಿದ್ದಳು.

ಮೊದಲು ಬಂದದ್ದು ಸಿಟ್ಟು. ಮೂರು ವಾರ ಕಲ್ಲು ಹಾಡುತ್ತದೆ, ಬೈಯುತ್ತದೆ ಎಂದು ಪುರಾಣ ಹೇಳಿ ನಿದ್ದೆ ಕೆಡಿಸಿದ್ದನಲ್ಲ! ಉಳಿದ ಚಾಕುಗಳನ್ನು ಹಲ್ಲು ಕಚ್ಚಿಕೊಂಡು ಮುಗಿಸಿದಳು. ಏಳನೆಯದನ್ನು ಒರೆಸಿ ಅಡುಗೆಯಾಕೆಯ ಕೈಗೆ ಕೊಡುವ ಹೊತ್ತಿಗೆ ಸಿಟ್ಟು ತಳಕ್ಕೆ ಇಳಿದು, ಅದರ ಜಾಗದಲ್ಲಿ ಬೇರೊಂದು ಸಂಕಟ ತುಂಬಿತ್ತು. ಅಮ್ಮನ ಎದುರು ನಿಂತು ತುಟಿ ಆಡಿಸಿದವನಿಗೆ ತನ್ನ ಕಿವಿ ಹೋದದ್ದನ್ನು ಯಾರ ಹತ್ತಿರ ಹೇಳಿಕೊಳ್ಳಲು ಬಾಯಿ ಬರುತ್ತದೆ? ನಕ್ಕವಳಿಗೇ ಬಂದಿರಲಿಲ್ಲ.

ಊಟದ ಹೊತ್ತಿಗೆ ಅಂಗಡಿ ಖಾಲಿಯಾಯಿತು. ಪುಟ್ಟಿ ಕೈ ಒರೆಸಿಕೊಂಡು ಅಣ್ಣನ ಎದುರು ಬಂದು ನಿಂತಳು. ಅವನು ಪೇಪರು ಇಳಿಸುವವರೆಗೆ ಕಾದಳು.

“ಅಣ್ಣ, ಕಲ್ಲಿನ ಸದ್ದು ನಂಗೂ ಕೇಳಿಸಲ್ಲ.”

ಅವನ ಕಣ್ಣು ಅವಳ ತುಟಿಯ ಮೇಲಿತ್ತು.

“ನಂಗೂ ಅಂದ್ರೆ?”

ಅಣ್ಣ ಪೇಪರನ್ನು ನಾಲ್ಕು ಮಡಿಕೆ ಮಾಡಿದ, ಮತ್ತೆ ಬಿಚ್ಚಿದ, ಮತ್ತೆ ಮಡಿಚಿದ. ಮುಖ ಕೆಂಪಾಗಿ, ಆಮೇಲೆ ಪೆಚ್ಚಾಯಿತು. ಕಡೆಗೆ, ನಿನಗೆ ಯಾವಾಗಿಂದ ಎಂದು ಕೇಳಿದ. ಅವಳು ಎಂಟು ವರ್ಷವೆಂದಳು. ಅವನದು ಇನ್ನೂ ಹಳೆಯದು.

“ನೀರಿಲ್ಲದ ಮಷೀನು ಇತ್ತಲ್ಲ, ಆ ರಾಕ್ಷಸ. ಅದನ್ನ ಗುಜರಿಗೆ ಹಾಕೋ ಹೊತ್ತಿಗೆ ಇದೂ ಹೋಗಿತ್ತು” ಎಂದು ಕಿವಿ ಮುಟ್ಟಿಕೊಂಡ.

“ಅತ್ತಿಗೆಗೆ ಗೊತ್ತಾ?”

“ಹೆಂಡತಿ ಮಾತು ಕೇಳದ ಗಂಡ ಅಂತ ಮೂವತ್ತು ವರ್ಷದಿಂದ ಹೆಸರಿದೆ. ಅದೇ ನಡ್ಕೊಂಡು ಹೋಗ್ತಿದೆ.”

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ನಕ್ಕ. ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಪೇಪರಿನಿಂದ ಒರೆಸಿಕೊಂಡು ಕೆನ್ನೆಗೆ ಮಸಿ ಮಾಡಿಕೊಂಡ. ಹಾಗಾದರೆ ಇಷ್ಟು ವರ್ಷ ಸಾಣೆ ಹಿಡಿದದ್ದು ಹೇಗೆ ಎಂದು ಅವಳು ಕೇಳಿದಳು. ಅಣ್ಣ ಎದ್ದು ಮಷೀನು ಹಾಕಿದ, ಅವಳ ಕೈಗೆ ಒಂದು ಚಾಕು ಕೊಟ್ಟು, ಅವಳ ತೋರುಬೆರಳನ್ನು ಅಲಗಿನ ಬೆನ್ನ ಮೇಲೆ ಇಟ್ಟು, ಮೇಲೆ ತನ್ನ ಊದಿದ ಬೆರಳನ್ನು ಒತ್ತಿದ. ಸಣ್ಣ ಗುಳುಗುಳು ನಡುಕ ಉಕ್ಕಿನೊಳಗಿಂದ ಬೆರಳಿಗೆ ಹತ್ತಿತು. ಹಿಡಿಯನ್ನು ತುಸು ವಾಲಿಸಿದಾಗ ನಡುಕ ಒರಟಾಯಿತು, ಸರಿ ಮಾಡಿದಾಗ ನಯವಾಯಿತು. ಕಲ್ಲು ಹಾಡುತ್ತದೆ, ಬೈಯುತ್ತದೆ ಎಂದು ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

“ಕೇಳಿಸ್ತಾ?” ಎಂದ ಬಾಯಿತಪ್ಪಿ.

ಅವಳು ಹೂಂ ಅಂದಳು. ಆಮೇಲೆ ತನ್ನ ವಿದ್ಯೆಯನ್ನೂ ತೋರಿಸಿದಳು: ನೀರು ಎಲ್ಲಿ ಹತ್ತುತ್ತದೆ, ಎಲ್ಲಿ ಜಾರುತ್ತದೆ. ಅಣ್ಣ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಹತ್ತು ವರ್ಷ ಈ ಮಷೀನಿನ ಮುಂದೆ ನಿಂತವನು ಅದನ್ನು ಗಮನಿಸಿಯೇ ಇರಲಿಲ್ಲ. ಇನ್ನೊಂದು ಚಾಕು ಕೊಡು ಎಂದ. ಇನ್ನೂ ಒಂದು ಬೇಕೆಂದ. ನಂತರ ಕುರ್ಚಿಯಲ್ಲಿ ಕೂತು, ಹೆಬ್ಬೆರಳ ಗಂಟನ್ನು ನೀವಿಕೊಳ್ಳುತ್ತ ಹೇಳಿದ: “ನಾಳೆ ಬರೋದು ಬೇಡ ಅಂತ ಪಾತ್ರೆ ಅಂಗಡಿಯವನಿಗೆ ಫೋನ್ ಮಾಡ್ಬಿಡು.”

ಪುಟ್ಟಿ ಅಣ್ಣನನ್ನು ನೋಡಿದಳು. ಅಣ್ಣ ಫೋನನ್ನು ನೋಡಿದ. ಇಬ್ಬರೂ ಅದನ್ನು ಮುಟ್ಟಲಿಲ್ಲ. “ಮೆಸೇಜು ಹಾಕು” ಅಂದ ಅವನು, ಬೇರೆಲ್ಲೋ ನೋಡುತ್ತ. ಅವಳು ಒಂದೊಂದೇ ಅಕ್ಷರ ಒತ್ತಿ, ಅಂಗಡಿ ಕೊಡುವುದಿಲ್ಲ ಎಂದು ಬರೆದು ಕಳಿಸಿದಳು. ಕಳಿಸಿದ ಮೇಲೆ ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅಳುವೇ ಬರುವ ಹಾಗಾಯಿತು. ತೋರಿಸಿಕೊಳ್ಳದೆ ಚೊಂಬು ತೆಗೆದು ತೊಟ್ಟಿಗೆ ನೀರು ತುಂಬಿಸಲು ಬಗ್ಗಿದಳು.

ತೊಟ್ಟಿಯ ನೀರಿನ ಮೇಲೆ ಯಾರದೋ ನೆರಳು ಆಡಿತು. ತಿರುಗಿದರೆ ಕಟ್ಟೆಯ ಆಚೆ ಒಬ್ಬ ಹೆಂಗಸು, ಕಂಕುಳಲ್ಲಿ ಕಾಗದ ಸುತ್ತಿದ ಚಾಕುಗಳು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ, ಕುತ್ತಿಗೆಯ ನರ ಉಬ್ಬಿತ್ತು. ಅಣ್ಣನೂ ಈಗಷ್ಟೇ ಅವಳನ್ನು ಕಂಡು, ಆಗತ್ತೆ ಎನ್ನುವಂತೆ ತಲೆಯಾಡಿಸಲು ಶುರುಮಾಡಿದ್ದ. ಪುಟ್ಟಿ ಕೈ ಒರೆಸಿಕೊಂಡು ಅವಳ ಮುಂದೆ ಹೋಗಿ ನಿಂತಳು.

ಇಬ್ಬರೂ ಇಲ್ಲೇ ಇದ್ದೀರಿ, ಇಬ್ಬರಿಗೂ ಕಿವಿ ಕೇಳಿಸಲ್ವಾ ಎಂದು ಹೆಂಗಸು ರೇಗಿದಳು.

“ನಂಗೆ ಕೇಳಿಸಲ್ಲಮ್ಮ” ಎಂದಳು ಪುಟ್ಟಿ. “ನಂಗೆ ಮಾತ್ರ. ಸ್ವಲ್ಪ ನನ್ನ ಮುಖ ನೋಡ್ಕೊಂಡು ಹೇಳಿ.”

ಕುರ್ಚಿಯಲ್ಲಿದ್ದ ಅಣ್ಣನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ತುಟಿಯಲ್ಲ. ಹೆಂಗಸಿನ ಮುಖದ ಸಿಡುಕು ಇಳಿಯಿತು. ಅವಳು ಕಾಗದ ಬಿಚ್ಚಿ, ಚಾಕುಗಳನ್ನು ಸಾಲಾಗಿ ಕಟ್ಟೆಯ ಮೇಲೆ ಇಟ್ಟು, ಮೊದಲನೆಯದನ್ನು ಎತ್ತಿ ಹಿಡಿದು, ಬಾಯಿ ಅಗಲಿಸಿ, ನಿಧಾನವಾಗಿ ಹೇಳತೊಡಗಿದಳು.