ಬಂಡೆ ಕೂತ ಕುರ್ಚಿ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಕಟ್ಟಿದವನು ನಮ್ಮ ಕಾರ್ಖಾನೆಯನ್ನು ನೋಡಿರಲಿಲ್ಲ. ಅಲ್ಲಿ ನಾನು ಕೂತರೇನೇ ಎಲ್ಲರ ಊಟ. ನಮ್ಮದು ಮರದ ಕುರ್ಚಿ ಮಾಡುವ ಕಾರ್ಖಾನೆ, ನನ್ನ ಕೆಲಸ ಕೂರುವುದು. ಬಡಗಿ ಕಾಲು ಜೋಡಿಸಿ, ಪಾಲಿಶ್‌ನವನು ಬಣ್ಣ ಬಳಿದು ಒಣಗಿಸಿದ ಮೇಲೆ ಕುರ್ಚಿ ನನ್ನ ಹತ್ತಿರ ಬರುತ್ತದೆ. ನಾನು ಕೂರುತ್ತೇನೆ. ಎಡಕ್ಕೆ ವಾಲುತ್ತೇನೆ, ಬಲಕ್ಕೆ ವಾಲುತ್ತೇನೆ, ಬೆನ್ನು ಒರಗಿಸಿ ಮುಂದಿನ ಎರಡು ಕಾಲು ನೆಲ ಬಿಡುವ ತನಕ ಹಿಂದಕ್ಕೆ ಹೋಗಿ ಬರುತ್ತೇನೆ. ಕಿರ್ ಎಂದರೆ ಕುರ್ಚಿ ವಾಪಸ್ಸು, ಬಡಗಿಗೆ ಬೈಗುಳ. ಸುಮ್ಮನಿದ್ದರೆ ಅದರ ಅಡಿಗೆ ಒಂದು ಮುದ್ರೆ ಬೀಳುತ್ತದೆ. ಮುದ್ರೆಯಲ್ಲಿ ಇರುವುದು ಕುರ್ಚಿಯ ಮೇಲೆ ಕೂತ ಒಂದು ಬಂಡೆಕಲ್ಲು. ಆ ಬಂಡೆ ನಾನೇ. ಕಾರ್ಖಾನೆಯಲ್ಲಿ ನನಗೆ ಬೇರೆ ಹೆಸರಿಲ್ಲ.

ಕೂತವನನ್ನು ಎಬ್ಬಿಸಲು ಪ್ಯಾಕಿಂಗ್‌ನ ಇಬ್ಬರು ಗಟ್ಟಿಗರು ನನ್ನ ಅಕ್ಕಪಕ್ಕ ನಿಂತಿರುತ್ತಿದ್ದರು. ಇದು ನಮ್ಮ ಧಣಿ ಮಾಡಿದ ಏರ್ಪಾಡು. ನಾನೇ ಎದ್ದು ಕೂತು ಮಾಡಿದರೆ ಸಮಯ ಹಾಳಂತೆ. ನಾನು ಎರಡೂ ತೋಳು ಮೇಲೆತ್ತಿ ‘ಹೂಂ’ ಎಂದರೆ ಅವರು ತೋಳಿಗೆ ಕೈಹಾಕಿ ಎತ್ತುತ್ತಿದ್ದರು. ಮೂರನೆಯವನು ಕೆಳಗಿನ ಕುರ್ಚಿ ಎಳೆದು ಹೊಸದನ್ನು ತಳ್ಳುತ್ತಿದ್ದ. ‘ಹಾಂ’ ಎಂದರೆ ಬಿಡುತ್ತಿದ್ದರು. ಹೂಂ, ಹಾಂ. ಇಷ್ಟು ವರ್ಷ ನಾನು ಆಡಿದ ಮಾತಿನಲ್ಲಿ ಅರ್ಧ ಅದೇ.

ಹೀಗಿರುವಾಗ ನನ್ನ ಬಲಮಂಡಿ ಕೈಕೊಟ್ಟಿತು. ನಮ್ಮ ಮನೆ ಕಾರ್ಖಾನೆಯ ಎದುರಿಗೇ ಇದೆ, ಆದರೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಒಂದು ಬೆಳಿಗ್ಗೆ ಹೇಗೋ ಇಳಿದವನು ಸಂಜೆ ಹತ್ತಲಾಗದೆ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಕಾಲು ಎತ್ತಿದರೆ ಮಂಡಿಯೊಳಗೆ ಯಾರೋ ಉಳಿ ಹಾಕಿ ಮೀಟಿದ ಹಾಗೆ. ಹೆಂಡತಿ ಮೇಲಿಂದ ಬಂದು ಎಳೆದಳು. ಪಕ್ಕದ ಮನೆಯವರು ಬಂದು ಹಿಂದಿನಿಂದ ತಳ್ಳಿದರು. ಪ್ಯಾಕಿಂಗ್‌ನ ಗಟ್ಟಿಗರಿಬ್ಬರೂ ಬಂದರು. ಆದರೆ ನಮ್ಮ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ, ನಾನು ನಿಂತ ಮೇಲೆ ಪಕ್ಕದಲ್ಲಿ ಬೆಕ್ಕೂ ನುಸುಳುವುದಿಲ್ಲ. ಎಲ್ಲರಿಗೂ ಬೈದು ಕಾರ್ಖಾನೆಗೆ ವಾಪಸ್ಸು ಬಂದೆ. ಅವತ್ತಿನಿಂದ ಪ್ಯಾಕಿಂಗ್ ಕೋಣೆಯ ರಟ್ಟಿನ ಮೇಲೆ ನನ್ನ ಹಾಸಿಗೆ. ಹೆಂಡತಿ ಕಿಟಕಿಯಿಂದ ಬುಟ್ಟಿಗೆ ಹಗ್ಗ ಕಟ್ಟಿ ಊಟ ಇಳಿಸುತ್ತಿದ್ದಳು. ನಾನು ರಸ್ತೆಯಲ್ಲಿ ನಿಂತು ಬುತ್ತಿ ಬಿಚ್ಚಿಕೊಳ್ಳುತ್ತಿದ್ದೆ. ಮನೆಯಿದ್ದೂ ಮನೆಯನ್ನು ಕತ್ತೆತ್ತಿ ನೋಡುವ ಬಾಳು ನಾಯಿಗೂ ಬೇಡ.

ಮಂಡಿ ನೋವು ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಬಿಟ್ಟಿ ಸಲಹೆಗೆ ಬರ ಎಲ್ಲಿದೆ? ಬಿಸಿನೀರು ಕುಡಿದರೆ ಕೊಬ್ಬು ಬೆಣ್ಣೆಯ ಹಾಗೆ ಕರಗುತ್ತದೆ ಎಂದ ಪಾಲಿಶ್‌ನವನು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಬೀಗ ಹಾಕು ಎಂದ ಗುಮಾಸ್ತ. ಅವನು ಹೊಟ್ಟೆಯ ಮೇಲೆ ಟೀ ಲೋಟ ಇಟ್ಟುಕೊಂಡೇ ಇದನ್ನು ಹೇಳಿದ್ದು. ಬಡಗಿ ಹಿಂದೆಹಿಂದಕ್ಕೆ ನಡೆ ಎಂದ. ನಡೆದೆ, ವಾರ್ನಿಶ್ ಡಬ್ಬದ ಮೇಲೆ ಬಿದ್ದೆ. ಒಬ್ಬ ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಸಿದ. ಬೆವರಿತೇ ಹೊರತು ಹೊಟ್ಟೆ ಅಲ್ಲಾಡಲಿಲ್ಲ.

ಕೊನೆಗೆ ಡಾಕ್ಟರು ಮಂಡಿ ಒತ್ತಿ ನೋಡಿ, ತೂಕ ಇಳಿಯಬೇಕು, ತೊಡೆ ಗಟ್ಟಿಯಾಗಬೇಕು ಎಂದು ಆಸ್ಪತ್ರೆಯ ವ್ಯಾಯಾಮದ ಮೇಡಂ ಹತ್ತಿರ ಕಳಿಸಿದರು. ನನ್ನ ಮಗಳ ವಯಸ್ಸಿನ ಹುಡುಗಿ, ಕಡ್ಡಿ ಹಾಗಿದ್ದಳು. ಅವಳ ಕೋಣೆಯ ಕುರ್ಚಿ ತೋರಿಸಿದಳು, ಕೂತೆ. ಕಿರ್ ಎಂದಿತು. ಇದು ನಮ್ಮಲ್ಲಿ ಪಾಸಾಗುತ್ತಿರಲಿಲ್ಲ ಎಂದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ, “ಅಂಕಲ್, ದಿನಾ ಏನು ಮಾಡ್ತೀರಿ?” ಎಂದಳು.

“ಕೂರ್ತೀನಿ.”

“ಅದು ನೋಡಿದ್ರೆ ಗೊತ್ತಾಗುತ್ತೆ. ಕೆಲಸ ಏನು ಮಾಡ್ತೀರಿ?”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೂರುವುದೇ ನನ್ನ ಕೆಲಸ ಎಂದು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ವಿವರಿಸಿದೆ. ಅವಳು ಹೆದರಲಿಲ್ಲ. ಹೊಟ್ಟೆ ಒಂದನ್ನೇ ಆರಿಸಿ ಕರಗಿಸುವುದು ಯಾರಿಂದಲೂ ಆಗದು, ಮೈ ತನಗೆ ಬೇಕಾದ ಕಡೆಯಿಂದ ಇಳಿಸುತ್ತದೆ ಎಂದಳು. ಉಪವಾಸ ಬೇಡ, ಓಟ ಬೇಡ, ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ, ಜೊತೆಗೆ ಮೊಟ್ಟೆಯೋ ಕಾಳೋ ಇರಲಿ, ಎಣ್ಣೆ ಸಕ್ಕರೆ ದೂರವಿರಲಿ ಎಂದಳು. ವ್ಯಾಯಾಮ ಏನು ಎಂದು ಕೇಳಿದೆ. ಕುರ್ಚಿಯಲ್ಲಿ ಕೂತು ಏಳುವುದು ಎಂದಳು.

ನಾನು ಹೊರಡುತ್ತೇನೆ ಎಂದೆ. ದಿನವಿಡೀ ಅದನ್ನೇ ಮಾಡಿ ಈ ಗತಿಗೆ ಬಂದವನಿಗೆ ಅದನ್ನೇ ಮಾಡು ಎನ್ನುವುದೇ? ಎದ್ದು ಹೋಗೋಣವೆಂದು ಅಭ್ಯಾಸದಂತೆ ಎರಡೂ ತೋಳು ಮೇಲೆತ್ತಿ ‘ಹೂಂ’ ಎಂದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಹೂಂ ಎಂದೆ. ಬಾಗಿಲಲ್ಲಿ ಕಾಯುತ್ತಿದ್ದ ಮುದುಕಿಯೊಬ್ಬಳು ಕೆಮ್ಮಿದಳು.

“ಓ,” ಎಂದಳು ಮೇಡಂ. “ಕೂರೋದು ನೀವು. ಏಳೋದು ಬೇರೆಯವರು.”

ಆ ಹುಡುಗಿ ಹೇಳಿದ್ದು ನಿಜವಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಗಟ್ಟಿಗರಿಬ್ಬರನ್ನೂ ದೂರ ನಿಲ್ಲಿಸಿದೆ. ಮೇಡಂ ಹೇಳಿದಂತೆ ಮೊದಲು ಎತ್ತರದ ಕುರ್ಚಿಗಳಲ್ಲಿ ಶುರು ಮಾಡಿದೆ: ಅಂಗಾಲು ನೆಲಕ್ಕೆ ಒತ್ತಿ, ಮುಂದಕ್ಕೆ ಬಾಗಿ, ಕೈ ಊರದೆ ಏಳುವುದು. ಮೊದಲ ದಿನ ಎದ್ದದ್ದಕ್ಕಿಂತ ಬೈದದ್ದೇ ಜಾಸ್ತಿ. ಕುರ್ಚಿಗಳು ಬಾಗಿಲ ತನಕ ಸಾಲುಗಟ್ಟಿ ನಿಂತವು. ಆದರೆ ದಿನ ಹೋದಂತೆ ತೊಡೆಗೆ ಕಸುವು ಬಂತು. ಹೆಂಡತಿಯ ಬುಟ್ಟಿಯಲ್ಲಿ ಸೌತೆಕಾಯಿ ಹೆಚ್ಚಿತು, ಸಿಹಿ ಮಾಯವಾಯಿತು. ನಾನು ಕೆಳಗಿನಿಂದ ಬೈದರೆ ಅವಳು ಖಾಲಿ ಬುಟ್ಟಿಯನ್ನು ಸರ್ರನೆ ಎಳೆದುಕೊಂಡು ಕಿಟಕಿ ಮುಚ್ಚುತ್ತಿದ್ದಳು. ಮೂರನೇ ಮಹಡಿಯಲ್ಲಿರುವ ಹೆಂಡತಿಯ ಜೊತೆ ಜಗಳದಲ್ಲಿ ಗೆಲ್ಲಲಾಗದು.

ಆಗ ಕಾರ್ಖಾನೆಯಲ್ಲಿ ಒಂದು ಪವಾಡ ನಡೆಯಿತು. ಕುರ್ಚಿಗಳು ಕಿರ್ ಎನ್ನುವುದನ್ನು ನಿಲ್ಲಿಸಿದವು. ಬಂದದ್ದೆಲ್ಲ ಪಾಸು, ಒಂದೂ ವಾಪಸ್ಸಿಲ್ಲ. ಬಡಗಿ ಮೀಸೆ ತಿರುವಿದ. ಕೈ ಪಳಗಿದೆ ಎಂದರು ಎಲ್ಲರೂ, ನಾನೂ ಅಂದೆ. ಧಣಿ ಖುಷಿಯಾಗಿ ಅವನ ಸಂಬಳ ಏರಿಸಿದರು. ಆಗ ಪಾಸಾದ ಕುರ್ಚಿಗಳಲ್ಲಿ ಒಂದನ್ನು ನನ್ನ ಮನೆಗೂ ಉಡುಗೊರೆಯಾಗಿ ಹೊರಿಸಿದರು. ಹೆಂಡತಿ ಅದನ್ನು ಕಿಟಕಿಯ ಪಕ್ಕ ಹಾಕಿಕೊಂಡು, ಅದರ ಮೇಲೆ ಕೂತೇ ಬುಟ್ಟಿ ಇಳಿಸತೊಡಗಿದಳು.

ಒಂದು ದಿನ ನಾನು ಕುರ್ಚಿಯಿಂದ ಎದ್ದೆ, ನನ್ನ ಪ್ಯಾಂಟು ಏಳಲಿಲ್ಲ. ಪ್ಯಾಕಿಂಗ್‌ನವರು ಬಿದ್ದುಬಿದ್ದು ನಕ್ಕರು. ಧಣಿ ನಗಲಿಲ್ಲ. ನನ್ನನ್ನು ಗೋದಾಮಿನ ತಕ್ಕಡಿಯ ಮೇಲೆ ನಿಲ್ಲಿಸಿ ಮುಳ್ಳು ನೋಡಿದರು. ಅವರ ಮುಖ ಹೆಣದ ಮನೆಯ ದೀಪದಂತಾಯಿತು.

“ಬಂಡೆ, ನೀನು ನನ್ನ ಕುತ್ತಿಗೆ ಕೊಯ್ದೆ.”

“ಮನೆಗೆ ಹೋಗಬೇಕು ಧಣಿ. ರಟ್ಟಿನ ಮೇಲೆ ಮಲಗಿ ಬೆನ್ನೆಲ್ಲ ರಟ್ಟಾಗಿದೆ.”

“ಹೋಗು, ಯಾರು ಬೇಡ ಅಂದ್ರು. ಆದ್ರೆ ಆ ತೂಕ ನಿನ್ನ ಸ್ವಂತದ್ದು ಅಂದ್ಕೊಂಡಿದ್ದೀಯಾ? ಅದು ಕಾರ್ಖಾನೆದಪ್ಪ. ಜನ ಕುರ್ಚಿ ತಿರುಗಿಸಿ ಮುದ್ರೆ ನೋಡಿ ತಗೋತಾರೆ. ನಾಳೆಯಿಂದ ಏನು ಚಿತ್ರ ಹಾಕಿಸ್ಲಿ, ಬೆಣಚುಕಲ್ಲಾ?”

ಹಳೇ ತೂಕಕ್ಕೆ ಬರದಿದ್ದರೆ ಬೇರೆಯವನನ್ನು ಕೂರಿಸುತ್ತೇನೆ ಎಂದು ಹೇಳಿಯೇಬಿಟ್ಟರು. ಅತ್ತ ದರಿ ಇತ್ತ ಪುಲಿ ಅಂತಾರೆ. ನನಗೆ ಅತ್ತ ಮೆಟ್ಟಿಲು, ಇತ್ತ ಕುರ್ಚಿ. ಅವತ್ತಿನಿಂದ ಧಣಿಯ ಮನೆಯಿಂದ ಎಣ್ಣೆ ಜಿನುಗುವ ಪೊಟ್ಟಣಗಳು ಬರತೊಡಗಿದವು, ಮೇಲಿನಿಂದ ಬುಟ್ಟಿಯಲ್ಲಿ ಸೌತೆಕಾಯಿ ಬರುತ್ತಿತ್ತು. ನಾನು ಎರಡರ ನಡುವೆ ಕೂತು ಏಳುತ್ತಿದ್ದೆ. ಪೊಟ್ಟಣಗಳನ್ನು ಗುಮಾಸ್ತನಿಗೆ ಕೊಟ್ಟೆ. ಅವನು ಹೊತ್ತು ಮುಳುಗುವ ಮುಂಚೆಯೇ ಮುಗಿಸುತ್ತಿದ್ದ, ಪಾಪ, ನಿಯಮದ ಮನುಷ್ಯ.

ದಾರಿ ತೋರಿಸಿದವನು ನನ್ನ ಭಾವಮೈದ. ಅವನು ದರ್ಜಿ. “ಭಾವ, ಧಣಿಗೆ ಬೇಕಾದ್ದು ತೂಕ ತಾನೇ? ಅದು ಚರ್ಮದ ಒಳಗೇ ಇರಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?” ಎಂದ. ಗಟ್ಟಿ ಕ್ಯಾನ್ವಾಸಿನಲ್ಲಿ ಒಂದು ಕೋಟು ಹೊಲಿದ. ಮೈತುಂಬ ಜೇಬು, ಜೇಬಿನ ತುಂಬ ಮರಳು. ಧಣಿ ನನ್ನನ್ನು ಕೋಟಿನ ಸಮೇತ ತಕ್ಕಡಿ ಹತ್ತಿಸಿ, ಮುಳ್ಳು ಹಳೇ ಜಾಗಕ್ಕೆ ಬಂದಾಗ ನನ್ನನ್ನು ತಬ್ಬಿಕೊಂಡರು. ನನ್ನನ್ನೋ ಕೋಟನ್ನೋ ಹೇಳುವುದು ಕಷ್ಟ. ಮೇಡಂ ಮಾತ್ರ ಕೇಳಿ ಹಣೆ ಚಚ್ಚಿಕೊಂಡಳು. ಮಂಡಿ ನೋವಿದ್ದವರು ಒಮ್ಮೆಲೇ ಭಾರ ಹೇರಿಕೊಳ್ಳಬಾರದು, ಮೊದಲು ಒಂದೇ ಜೇಬು, ಅದು ಒಗ್ಗಿದರೆ ಇನ್ನೊಂದು ಎಂದಳು. ಧಣಿ ಅದಕ್ಕೂ ಒಪ್ಪಿದರು. ಅಲ್ಲಿಯವರೆಗೆ ಉಳಿದ ಮರಳನ್ನು ಮೂಟೆ ಕಟ್ಟಿ ನನ್ನ ತೊಡೆಯ ಮೇಲೆ ಇರಿಸಿ, ನಾನು ಏಳುವಾಗ ಗಟ್ಟಿಗರ ಕೈಗೆ ಕೊಡಿಸುತ್ತಿದ್ದರು. ಹೀಗೆ ಗಟ್ಟಿಗರಿಗೂ ಕೆಲಸ ಉಳಿಯಿತು.

ಒಂದೊಂದೇ ಜೇಬು ಒಗ್ಗಿ, ಮೂಟೆಯ ಮರಳೆಲ್ಲ ಕೋಟಿಗೆ ಬಂತು. ಆಮೇಲೆ ನಡೆದದ್ದು ಯಾರೂ ಎಣಿಸದ್ದು. ಮರಳು ಹೊತ್ತು ಕೂತು ಎದ್ದರೆ ಮೈ ಇನ್ನೂ ಇಳಿಯುತ್ತಿತ್ತು. ಇಳಿದಷ್ಟಕ್ಕೂ ಧಣಿ ಮರಳು ತುಂಬಿಸುತ್ತಿದ್ದರು. ತುಂಬಿದಷ್ಟಕ್ಕೂ ನಾನು ಇಳಿಯುತ್ತಿದ್ದೆ. ಭಾವಮೈದ ವಾರಕ್ಕೊಮ್ಮೆ ಬಂದು ಪ್ಯಾಂಟು ಕಿರಿದು ಮಾಡಿ, ಕೋಟು ಹಿರಿದು ಮಾಡಿ ಹೋಗುತ್ತಿದ್ದ. ಕುರ್ಚಿಗಳು ಮತ್ತೆ ಕಿರ್ ಎನ್ನತೊಡಗಿದವು. ಬಡಗಿಗೆ ದೃಷ್ಟಿಯಾಗಿದೆ ಎಂದರು. ಅಷ್ಟು ತಲೆಗಳಲ್ಲಿ ಒಂದಕ್ಕೂ, ನನ್ನದನ್ನೂ ಸೇರಿಸಿ, ಇನ್ನೇನೂ ಹೊಳೆಯಲಿಲ್ಲ.

ಒಂದು ಸಂಜೆ ಕಾರ್ಖಾನೆಯ ಗಂಟೆ ಹೊಡೆಯಿತು. ನಾನು ಬುಟ್ಟಿಗಾಗಿ ರಸ್ತೆ ದಾಟಿದೆ. ಬುಟ್ಟಿ ಬರಲಿಲ್ಲ. ಹಗ್ಗ ಕಿಟಕಿಯ ಚಿಲಕಕ್ಕೆ ಸಿಕ್ಕಿಕೊಂಡಿದೆ, ಸ್ವಲ್ಪ ತಾಳಿ ಎಂದಳು ಹೆಂಡತಿ. ಹಸಿದಿದ್ದೆ. ಹಸಿದವನಿಗೆ ತಾಳು ಎಂದರೆ ಏನಾಗಬೇಕೋ ಅದಾಯಿತು. ಬೈಯುತ್ತಾ ಮೆಟ್ಟಿಲಿಗೆ ಕಾಲಿಟ್ಟೆ. ಹಗ್ಗಕ್ಕೆ ಬೈದೆ, ಚಿಲಕಕ್ಕೆ ಬೈದೆ, ಮನೆ ಕಟ್ಟಿದವನ ವಂಶಕ್ಕೆ ಬೈದೆ. ಬೈಗುಳ ಮುಗಿಯುವ ಹೊತ್ತಿಗೆ ನಮ್ಮ ಬಾಗಿಲ ಮುಂದೆ ನಿಂತಿದ್ದೆ. ಮಂಡಿ ಒಂದು ಮಾತೂ ಆಡಿರಲಿಲ್ಲ.

ಹೆಂಡತಿ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣು ತುಂಬಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಇದೇನ್ರೀ, ಹೋದಷ್ಟೇ ದಪ್ಪ ವಾಪಸ್ ಬಂದಿದ್ದೀರಿ?”

ಆಗ ನೋಡಿಕೊಂಡೆ. ಕೋಟು ಬಿಚ್ಚಿಟ್ಟೇ ಇರಲಿಲ್ಲ. ಅಷ್ಟೂ ಮರಳನ್ನು ಮೂರು ಮಹಡಿ ಹೊತ್ತು ತಂದಿದ್ದೆ. ಜಂಬದಿಂದ ಗುಂಡಿ ಬಿಚ್ಚಿ, ಕೋಟನ್ನು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಎತ್ತಿ ಧೊಪ್ಪನೆ ಒಗೆದೆ.

ಕುರ್ಚಿ ಕಿರ್ ಎನ್ನಲಿಲ್ಲ. ನೇರವಾಗಿ ಟಪ್ ಎಂದಿತು. ಹಿಂದಿನ ಕಾಲು ಮುರಿದು, ಬೆನ್ನು ಕಿಟಕಿಯ ಚೌಕಟ್ಟಿಗೆ ಬಡಿದು, ಅರ್ಧ ಕೋಟು ರಸ್ತೆಯ ಕಡೆಗೆ ಜೋತುಬಿತ್ತು. ಹೆಂಡತಿ ದಿನಾ ಕೂತು ಬುಟ್ಟಿಗೆ ಬಾಗುತ್ತಿದ್ದ ಜಾಗ ಅದು.

ಕುರ್ಚಿ ತಿರುಗಿಸಿದೆ. ಅಡಿಯಲ್ಲಿ ಮುದ್ರೆ ನನ್ನನ್ನೇ ನೋಡುತ್ತಿತ್ತು. ಇದರ ಮೇಲೆ ನಾನು ಕೂತಿದ್ದೆ, ಸರಿ. ಆದರೆ ಯಾವ ನಾನು? ಕೋಟು ಬರುವ ಮುಂಚಿನ, ಅರ್ಧ ಇಳಿದಿದ್ದ ನಾನು. ಬಡಗಿಯ ಕೈ ಪಳಗಿದ್ದಲ್ಲ, ನನ್ನ ಕುಂಡಿ ಸಣ್ಣಗಾಗಿತ್ತು. ಅವತ್ತು ಪಾಸಾದ ಕುರ್ಚಿಗಳೆಲ್ಲ ಈಗ ಯಾರ ಯಾರ ಕಿಟಕಿಯ ಪಕ್ಕದಲ್ಲಿವೆಯೋ.

ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಕುರ್ಚಿಯ ಮುರಿದ ಕಾಲನ್ನು ನನ್ನ ಕೈಗಿಟ್ಟು, “ಊಟ ಮಾಡಿ. ಆಮೇಲೆ ಧಣಿಗೆ ಹೇಳಿ ಬನ್ನಿ,” ಎಂದಳು. ಊಟ ಮಾಡಿದೆ. ನೆಲದ ಮೇಲೆ ಕೂತು.

ಧಣಿ ಮೊದಲು ಕೂಗಾಡಿದರು. ಮುರಿದ ಕಾಲನ್ನು ಮೇಜಿನ ಮೇಲಿಟ್ಟು, ಇದು ನನ್ನ ಹೆಂಡತಿ ಕೂರುತ್ತಿದ್ದ ಕುರ್ಚಿ ಎಂದೆ. ನಿಮ್ಮ ಮನೆಗೂ ಆಗಿನದೇ ಒಂದು ಹೋಗಿತ್ತಲ್ಲ, ಅಮ್ಮ ಕೂರಲಿಕ್ಕೆ ಎಂದು ಕೇಳಿದೆ. ಅವರ ತಾಯಿಗೆ ತೊಂಬತ್ತು ದಾಟಿದೆ. ಅವರು ಕೂಗಾಟ ಅಲ್ಲಿಗೇ ನಿಲ್ಲಿಸಿ ಚಪ್ಪಲಿ ಹುಡುಕಿದರು.

ಈಗ ನನ್ನ ಕೆಲಸ ಬೇರೆ. ಬೆಳಿಗ್ಗೆ ಕೋಟು ತೊಟ್ಟು ಹೊರಡುತ್ತೇನೆ. ಆ ಕುರ್ಚಿ ಕೊಂಡವರ ಮನೆಮನೆಗೆ ಹೋಗಿ ಬಾಗಿಲು ತಟ್ಟಿ, ನಿಮ್ಮ ಕುರ್ಚಿಯ ಮೇಲೆ ಸ್ವಲ್ಪ ಕೂರಬಹುದೇ ಎಂದು ಕೇಳುತ್ತೇನೆ. ಬೆವರು ಸುರಿಸುತ್ತಾ ಅಷ್ಟು ದೊಡ್ಡ ಮನುಷ್ಯ ಬಾಗಿಲಿಗೆ ಬಂದು ಹಾಗೆ ಕೇಳಿದರೆ ಜನ ಮೊದಲು ನೀರು ಕೊಡುತ್ತಾರೆ. ಕೂರುತ್ತೇನೆ. ಮುರಿದರೆ ಹೊಸದು ಕೊಡುತ್ತೇವೆ. ಮುರಿಯದಿದ್ದರೆ ಮುದ್ರೆಯ ಪಕ್ಕ ಇನ್ನೊಂದು ಬಂಡೆ ಒತ್ತಿ ಬರುತ್ತೇನೆ. ನಮ್ಮ ಗಿರಾಕಿಗಳಲ್ಲಿ ನೆಲಮಹಡಿಯವರು ಒಬ್ಬರೂ ಇಲ್ಲವೇನೋ ಎನ್ನಿಸುತ್ತದೆ. ಎಲ್ಲರೂ ಗಾಳಿ ಬೇಕೆಂದು ಮೇಲೆ ಹೋಗಿ ಕೂತಿದ್ದಾರೆ. ಮೇಡಂಗೆ ಹೇಳಿದರೆ, ದುಡ್ಡು ಕೊಟ್ಟರೂ ಇಂಥ ವ್ಯಾಯಾಮ ಸಿಗದು ಎಂದು ನಗುತ್ತಾಳೆ.

ಸಂಜೆ ನಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಕೋಟು ಬಿಚ್ಚಿ ಅಲ್ಲೇ ಬಿಡುತ್ತೇನೆ. ಬಂಡೆ ಕೆಳಗಿರಲಿ, ಮೇಲೆ ನೀವೊಬ್ಬರೇ ಸಾಕು ಎಂದಿದ್ದಾಳೆ ಹೆಂಡತಿ. ಕದಿಯುತ್ತಾರೆಂಬ ಹೆದರಿಕೆ ಇಲ್ಲ. ಒಬ್ಬ ಮಾತ್ರ ಪ್ರಯತ್ನಪಟ್ಟಂತಿದೆ: ಒಂದು ಬೆಳಿಗ್ಗೆ ಕೋಟು ಬೀದಿಯ ಮಧ್ಯದಲ್ಲಿ ಬಿದ್ದಿತ್ತು, ಪಕ್ಕದಲ್ಲಿ ಒಂಟಿ ಚಪ್ಪಲಿ. ಪಾಪ, ಅವನ ಮಂಡಿ ಹೇಗಿದೆಯೋ.