ಮೂರು ತಿಂಗಳ ವೀರಭದ್ರ

ಜಯದೇವಪ್ಪ ಕಾಗದವನ್ನು ಮೂರನೇ ಸಲ ಕಲ್ಲೇಶನ ಕೈಗೆ ಕೊಟ್ಟ. ಕಲ್ಲೇಶ್ ನರಸಿಂಹರಾಜಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ಊರಿನ ಗುಡಿಗೆ ಇಂಗ್ಲೆಂಡಿನ ಮ್ಯೂಸಿಯಮ್ಮಿನವರು ಬರುತ್ತಾರೆಂದು ರಜೆ ಹಾಕಿದ್ದ.

"ಇನ್ನೊಂದ್ಸಲ ಓದು ಮಾರಾಯ. ಎಲ್ಲೋ ಒಂದ್ ಕಡೆ ನಮ್ಮನ್ನ ಸಿಕ್ಕಿಸಿ ಹಾಕಿರ್ತಾರೆ."

ಸಿಕ್ಕಿಸಿದ್ದು ಮೊದಲ ಸಾಲಿನಲ್ಲೇ. ಮುಖವಾಡ ಮ್ಯೂಸಿಯಮ್ಮಿನ ಸ್ವತ್ತು. ಗುಡಿಗೆ ಮೂರು ತಿಂಗಳ ಮಟ್ಟಿಗೆ ಎರವಲು. ಗಾಜಿನ ಪೆಟ್ಟಿಗೆಯಲ್ಲೇ ಇಡಬೇಕು. ನೀರು, ಎಣ್ಣೆ, ಕುಂಕುಮ ಸೋಕಿಸುವಂತಿಲ್ಲ.

ವೀರಭದ್ರನ ಆ ಕಂಚಿನ ಮುಖವಾಡವನ್ನು ಹೊತ್ತೊಯ್ದವನು ಜಯದೇವಪ್ಪನ ಮುತ್ತಜ್ಜನ ಕಾಲದಲ್ಲಿ ಮರ ಕಡಿಸಲು ಬಂದಿದ್ದ ಬಿಳಿ ಸಾಹೇಬ. ಅಂದಿನಿಂದ ಖಾಲಿ ಪೀಠಕ್ಕೇ ಪೂಜೆ. ಸ್ವಾತಂತ್ರ್ಯ ಬಂದು ಅರವತ್ತು ವರ್ಷವಾದ ಮೇಲೆ ಇವರಿಗೆ ಏಕಾಏಕಿ ಧರ್ಮ ನೆನಪಾಯಿತೇ? ಎದುರಿಗೆ ಕೂತು ಎಳನೀರು ಹೀರುತ್ತಿದ್ದ ಬಿಳಿ ಅಧಿಕಾರಿಯ ನಗುವಿನ ಮೇಲೂ ಜಯದೇವಪ್ಪನಿಗೆ ಅನುಮಾನ. ಗುಡಿಯ ಯಜಮಾನ ತಾನು. ಸಹಿ ಹಾಕಿದರೆ, ಒಯ್ದವರದೇ ಸ್ವತ್ತೆಂದು ಊರೇ ಒಪ್ಪಿಕೊಂಡಂತೆ. ಹಾಕದಿದ್ದರೆ ಪೆಟ್ಟಿಗೆ ಮತ್ತೆ ಜೀಪು ಹತ್ತುತ್ತದೆ, ಎಂಬತ್ತಾರರ ಅವ್ವ ಅನ್ನಪೂರ್ಣಮ್ಮ ದೇವರ ಮುಖ ಕಾಣದೆಯೇ ಕಣ್ಣು ಮುಚ್ಚುತ್ತಾಳೆ.

"ವಾಪಸ್ ಕೊಟ್ಟಿದೀವಿ ಅಂತ ಬರೀಲಿ. ಆಗಲ್ವಂತಾ?"

ಕಲ್ಲೇಶ್ ಕೇಳಿ ನೋಡಿದ. ಅಧಿಕಾರಿ ನಯವಾಗಿ ತಲೆಯಾಡಿಸಿದ.

"ಹಂಗೆ ಬರೆದ್ರೆ ನಾಳೆ ಎಲ್ಲ ದೇಶದೋರೂ ಕೇಳ್ತಾರಂತೆ," ಎಂದ ಕಲ್ಲೇಶ್.

"ಅಂದ್ರೆ ಕಳ್ಕಂಡೋರು ಭಾಳ ಜನ ಇದಾರೆ ಅಂತಾತು."

ಆದರೂ ಅವ್ವನನ್ನು ನೆನೆದು ಜಯದೇವಪ್ಪ ಕಾಗದವನ್ನು ಮುಂದೆ ಹರಡಿಕೊಂಡ. ಪೆನ್ನು ಎತ್ತಿಕೊಂಡ. ಅಧಿಕಾರಿ ಖುಷಿಯಿಂದ ಗುಡಿಯ ಹೊಸಿಲಿನ ಮುಂದೆ ಪೆಟ್ಟಿಗೆಯಿಟ್ಟು ಮುಚ್ಚಳ ತೆಗೆದು ಮುಖವಾಡವನ್ನು ಹೊರಗೆತ್ತಿ ಹಿಡಿದ.

ಅಷ್ಟರಲ್ಲಿ ಅನ್ನಪೂರ್ಣಮ್ಮ ತಂಬಿಗೆ ಹಿಡಿದು ಬಂದಳು. ಷರತ್ತುಗಳನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬಂದ ನೆಂಟರಿಗೆ ಕೈಕಾಲಿಗೆ ನೀರು ಕೊಡದೆ ಅವಳು ಜನ್ಮದಲ್ಲಿ ಯಾರನ್ನೂ ಒಳಗೆ ಕರೆದವಳಲ್ಲ. ಇನ್ನು ನೂರಿಪ್ಪತ್ತು ವರ್ಷ ಊರು ಬಿಟ್ಟಿದ್ದವನನ್ನು ಹಾಗೇ ಕರೆದಾಳೆಯೇ?

"ಬಂದ್ಯಾ ನನ್ನಪ್ಪಾ," ಎಂದವಳೇ ತಂಬಿಗೆಯನ್ನು ಪೂರ್ತಿ ವೀರಭದ್ರನ ನೆತ್ತಿಗೆ ಬಗ್ಗಿಸಿದಳು.

ಅಧಿಕಾರಿ ಚೀರಿದ. ಊರ ಹೆಂಗಸರು ಇಳಿಯುವ ನೀರಿಗೆ ಬೊಗಸೆಯೊಡ್ಡಿದರು. ಜಯದೇವಪ್ಪ ಸಹಿ ಹಾಕದೆಯೇ ಪೆನ್ನು ಜೇಬಿಗೆ ಸಿಕ್ಕಿಸಿ ತಾನೂ ಒಡ್ಡಿದ. ತೀರ್ಥ ಕುಡಿಯುವಾಗ ಅಳು ಬಂತು, ಅವನು ತಡೆಯಲಿಲ್ಲ.

ಮುಖವಾಡವನ್ನು ಒರೆಸಿ ಪೆಟ್ಟಿಗೆ ಮುಚ್ಚಿದರು. ಎರವಲು ರದ್ದಾಯಿತು. ಜೀಪು ಹತ್ತುವ ಮೊದಲು ಅಧಿಕಾರಿ ಇನ್ನೊಂದು ಕಾಗದ ಗೀಚಿ ಮುಂದಿಟ್ಟ: ಮುಖವಾಡಕ್ಕೆ ನೀರು ಸುರಿದವರು ಊರಿನವರೇ ಎಂಬ ಒಪ್ಪಿಗೆ.

"ಸಹಿ ಹಾಕ್ಬೇಡಿ ಜಯದೇವಣ್ಣ. ಕೇಸು ಮಾಡ್ತಾರೆ," ಎಂದ ಕಲ್ಲೇಶ್.

"ಮಾಡ್ಲಿ ಬಿಡು. ಯಾಕೆ ಸುರಿದ್ರಿ ಅಂತ ಕೋರ್ಟಲ್ಲಿ ಕೇಳ್ಲೇಬೇಕಲ್ಲ."

ಜಯದೇವಪ್ಪ ಕಾಗದ ಎಳೆದುಕೊಂಡ. ಇಂಗ್ಲಿಷಿನ ಕೆಳಗೆ ದಪ್ಪ ಕನ್ನಡದಲ್ಲಿ, 'ನಮ್ಮ ದೇವರಿಗೆ ನಾವು ಸ್ನಾನ ಮಾಡಿಸಿದ್ದು ನಿಜ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದ.