ಗುಡುಗಮ್ಮನ ಗೋಲಿ ಡಬ್ಬಿ

ಆ ದಿನ ಬೆಳಗ್ಗೆ ಗಾಳಿಯೇ ಸತ್ತುಹೋಗಿತ್ತು. ಕಿಟಕಿಯ ಪರದೆ ಅಲುಗಲಿಲ್ಲ. ಎದುರುಮನೆಯ ಹಗ್ಗದ ಮೇಲೆ ಒಗೆದ ಬಟ್ಟೆಗಳು ಜೋತುಬಿದ್ದಿದ್ದವು. ಆಕಾಶ ಬೂದಿ ಬಳಿದುಕೊಂಡು ಮಾತುಬಿಟ್ಟವರ ಹಾಗೆ ಕೂತಿತ್ತು.

ಒಳಕೋಣೆಯಲ್ಲಿ ತಾತ ಮೊಮ್ಮಗಳ ತಲೆದೆಸೆಯಲ್ಲಿ ಕೂತಿದ್ದರು. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹುಡುಕಿ ಪದಕೋಶ ಕಟ್ಟುವುದು ಅವರ ಕಸುಬು. ಮೊಮ್ಮಗಳಿಗಿನ್ನೂ ನಾಲ್ಕು ವರ್ಷ. ಮನೆಯವರು ಇಟ್ಟ ಅಡ್ಡಹೆಸರು ಗುಡುಗಮ್ಮ. ಅವಳು ಎದ್ದದ್ದು ಬೀದಿಯ ನಾಯಿಗೂ ಗೊತ್ತಾಗುತ್ತಿತ್ತು. ಅಂಥವಳು ಈಗ ಮೈಯೆಲ್ಲ ಕೆಂಡವಾಗಿ, ಕರೆದರೆ ಓಗೊಡದೆ, ಬಾಡಿದ ಸೊಪ್ಪಿನಂತೆ ಬಿದ್ದಿದ್ದಳು. ಡಾಕ್ಟರು ಬೆಳಗ್ಗೆಯೇ ಬಂದು ಸೂಜಿ ಚುಚ್ಚಿ, "ಮಧ್ಯಾಹ್ನದೊಳಗೆ ಕಣ್ಣುಬಿಟ್ಟು ಗುರುತು ಹಿಡಿದರೆ ಗೆದ್ದ ಹಾಗೆ. ಇಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಹೊರಡಿ" ಎಂದು ಹೇಳಿ ಹೋಗಿದ್ದರು.

ಮೊನ್ನೆ ತಾತ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದರು. ಹಲ್ಲಬಲೂ. ಬಾಯಲ್ಲಿ ಆಡಿದರೇ ಮಕ್ಕಳಾಟದಂತಿರುವ ಪದ. ಅರ್ಥವೇನೋ ಸುಲಭ: ಗದ್ದಲ, ಗುಲ್ಲು, ರಂಪ, ಬೊಬ್ಬೆ. ಹುಟ್ಟು ಮಾತ್ರ ಕಗ್ಗಂಟು. ಮೊದಲ ಭಾಗ ದೂರದವರನ್ನು ಕೂಗಿ ಕರೆಯುವ 'ಹಲ್ಲೋ' ಇರಬಹುದು, ಕೊನೆಯ 'ಬಲೂ' ಚಳಿಸೀಮೆಯ ತಾಯಂದಿರು ಕೂಸನ್ನು ಮಲಗಿಸುವ ಜೋಜೋ ಇರಬಹುದು ಎಂದು ಕೆಲವು ಪಂಡಿತರ ಊಹೆ. ಹೀಗೇ ಎಂದು ಎದೆ ತಟ್ಟಿ ಹೇಳಿದವರಿಲ್ಲ.

"ಗದ್ದಲದೊಳಗೆ ಜೋಗುಳವಂತೆ! ಹುಲಿ ಹೊಟ್ಟೇಲಿ ಕರು ಹುಟ್ಟಿತು ಅಂದ ಹಾಗಾಯ್ತು" ಎಂದು ತಾತ ಗೊಣಗುತ್ತಿದ್ದಾಗಲೇ ಗುಡುಗಮ್ಮ ಗೋಲಿ ತುಂಬಿದ ತಗಡಿನ ಡಬ್ಬಿಯನ್ನು ಗಲಗಲ ಆಡಿಸುತ್ತ ಒಳನುಗ್ಗಿದ್ದಳು.

"ಕೊಡಿಲ್ಲಿ. ಈ ಪದ ಮುಗೀಲಿ, ವಾಪಸ್ ಕೊಡ್ತೀನಿ."

"ಆಣೆ?"

"ಆಣೆ ಕಣೇ, ಹೋಗು."

"ಪದ ಯಾವಾಗ ಮುಗಿಯತ್ತೆ ತಾತ?"

"ನಿನ್ನ ಬಾಯಿ ಮುಚ್ಚಿದಾಗ."

ಡಬ್ಬಿ ಮೇಜಿನ ಡ್ರಾಯರ್ ಸೇರಿತು. ನಿನ್ನೆ ಮಧ್ಯಾಹ್ನವೆಲ್ಲ ಮನೆ ತಣ್ಣಗಿತ್ತು. ಬಾಗಿಲ ಹಿಂದೆ ಗೋಡೆಗೊರಗಿ ಸುಮ್ಮನೆ ಕೂತವಳನ್ನು ಕಂಡು ತಾತ, "ಭೇಷ್, ಬುದ್ಧಿ ಬಂತು" ಎಂದು ಮತ್ತೆ ಬರವಣಿಗೆಗೆ ಬಗ್ಗಿದ್ದರು. ಬಂದದ್ದು ಬುದ್ಧಿಯಲ್ಲ, ಜ್ವರ. ಸಂಜೆ ಮಗಳು, ಕೂಸಿನ ತಾಯಿ, ಕೆಲಸದಿಂದ ಬಂದು ಕೂಸನ್ನು ಮುಟ್ಟಿ ಚೀರಿದಾಗಲೇ ಅವರಿಗೆ ತಿಳಿದದ್ದು.

ಈಗ ಮಗಳು ಒದ್ದೆಬಟ್ಟೆ ಹಿಂಡಿ ಕೂಸಿನ ಹಣೆಯ ಮೇಲಿಟ್ಟಳು.

"ಸದ್ದು ಬೇಡ, ಸದ್ದು ಬೇಡ ಅಂತಿದ್ರಲ್ಲ ಅಪ್ಪ? ಕೇಳ್ಕೊಳ್ಳಿ. ಈಗ ಇಲ್ಲ."

ತಾತ ತಣ್ಣೀರಿನ ಪಾತ್ರೆಯನ್ನು ಅವಳ ಹತ್ತಿರಕ್ಕೆ ಸರಿಸಿದರು.

ರಾತ್ರಿಯೆಲ್ಲ ಎದ್ದಿದ್ದ ಮಗಳು ಗೋಡೆಗೊರಗಿದವಳು ಹಾಗೇ ನಿದ್ದೆಹೋದಳು. ಒಂದು ನೊಣ ಬಂದು ಕೂಸಿನ ತುಟಿಯ ಮೇಲೆ ಕೂತಿತು. ಕೂಸು ಮುಖ ಕೂಡ ಸಿಂಡರಿಸಲಿಲ್ಲ. ತಾತ ನೊಣ ಓಡಿಸಿ ಮೂಗಿನ ಬಳಿ ಬೆರಳು ಹಿಡಿದರು. ಉಸಿರಿತ್ತು, ದಾರದೆಳೆಯಷ್ಟು.

'ದೇವರೇ, ರಂಪ ಕೊಡು, ಬೊಬ್ಬೆ ಕೊಡು. ಈ ಮೌನ ಬೇಡಪ್ಪ.'

ಅಭ್ಯಾಸಬಲದಿಂದ ಜೋಜೋ ಎಂದು ಶುರುಮಾಡಿದವರು ಬೆಚ್ಚಿ ನಿಲ್ಲಿಸಿದರು. ಮಲಗಿಸುವ ಹಾಡು ಕೂಸನ್ನು ಇನ್ನೂ ಆಳಕ್ಕೆ ಒಯ್ದುಬಿಟ್ಟರೆ? ಹೊಳೆಯಾಚೆ ನಿಂತವರನ್ನು ಕರೆಯುವ ಹಾಗೆ, ಆದರೆ ಪಿಸುದನಿಯಲ್ಲಿ, "ಹೋ... ಗುಡುಗಮ್ಮಾ..." ಎಂದರು. ಕರೆದರೆ ಕೂಸು ಬೆದರೀತೆಂದು ನಡುವೆ ಒಂದು ಜೋಜೋ. ಮತ್ತೆ "ಹೋ..." ಮತ್ತೆ ಜೋಜೋ. ಗಂಟಲು ಒಣಗಿತು. ನಿಲ್ಲಿಸಲು ಮಾತ್ರ ಧೈರ್ಯ ಬರಲಿಲ್ಲ.

ಮೋಡ ಸರಿದು ಕಿಟಕಿಯ ಬಿಸಿಲು ಮಂಚದ ಕಾಲು ಮುಟ್ಟುವ ಹೊತ್ತಿಗೆ ಹಣೆಯ ಮೇಲೆ ಬೆವರೊಡೆಯಿತು. ರೆಪ್ಪೆ ಅದುರಿತು. ಒಡೆದ ತುಟಿ ತೆರೆಯಿತು.

"ತಾತ... ಪದ ಮುಗೀತಾ?"

"ಇಲ್ಲ ಕಣಮ್ಮ" ಎಂದರು ತಾತ.

ಗೋಡೆ ಹಿಡಿದು ಎದ್ದುಹೋಗಿ ಡ್ರಾಯರ್ ಎಳೆದರು. ನಿದ್ದೆಯಲ್ಲಿದ್ದ ಮಗಳಿಗೆ ಎಚ್ಚರವಾಗದಿರಲೆಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ಒಂದು ಗೋಲಿಯೂ ಉರುಳದಂತೆ ನಡೆದುಬಂದು, ಆ ಪುಟ್ಟ ಅಂಗೈಯಲ್ಲಿಟ್ಟರು.